ಹಳೇ ಚೀಟಿ

ಮಂಗಳವಾರ ಬೆಳಿಗ್ಗೆ 11.40ಕ್ಕೆ ಮಹಿಳಾ ಆಶ್ರಯಧಾಮದ ಮೇಲ್ವಿಚಾರಕಿ ಏದುಸಿರು ಬಿಡುತ್ತ ಠಾಣೆಗೆ ಬಂದರು. ಒಂಬತ್ತಕ್ಕೆ ದಾಖಲಾದ ಹೆಂಗಸನ್ನು ಹತ್ತೂವರೆಗೆ ಅವಳ ಅಣ್ಣ ಗೇಟಿನಲ್ಲೇ ಹಿಡಿದು ದರದರ ಎಳೆದಿದ್ದ. ಅವಳ ಮಣಿಕಟ್ಟು ಮುರಿದಿತ್ತು. ಜನ ಸೇರುತ್ತಲೇ ಆಸಾಮಿ ಕಾಲಿಗೆ ಬುದ್ಧಿ ಹೇಳಿದ್ದ. ಎಫ್‌ಐಆರ್ ದಾಖಲಾಯಿತು.

"ಅವಳು ಅಲ್ಲಿದ್ದಾಳೆ ಅಂತ ಯಾರಿಗೆ ಗೊತ್ತಿತ್ತು?" ಇನ್ಸ್‌ಪೆಕ್ಟರ್ ಕೇಳಿದರು.

"ಯಾರಿಗೂ ಇಲ್ಲ ಸರ್. ಹೆಸರೆಲ್ಲ ಗೂಢಲಿಪಿಯಲ್ಲಿ ಕ್ಲೌಡ್‌ಗೆ ಹೋಗುತ್ತೆ. ಅಲ್ಲಿನವರಿಗೂ ಓದಕ್ಕಾಗಲ್ಲ."

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಳ್ಳುತ್ತಿದ್ದ ತಂಗಿ, ಅಣ್ಣ ಯಾವುದೋ ಕ್ಲೌಡ್ ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುತ್ತಾನೆ ಎಂದಳು. ವಿಚಾರಿಸಿದರೆ, ಆಶ್ರಯಧಾಮದ ದಾಖಲೆ ಇಡುವುದೂ ಅದೇ ಕಂಪನಿ.

ಮಧ್ಯಾಹ್ನ 2.15ಕ್ಕೆ ಕಂಪನಿಯಲ್ಲಿದ್ದ ಅವನ ಕಂಪ್ಯೂಟರನ್ನು ಪಂಚನಾಮೆ ಮಾಡಿ ವಶಪಡಿಸಿಕೊಂಡರು. ಅಲ್ಲಿನ ಎಂಜಿನಿಯರ್ ತೆರೆದು ತೋರಿಸಿದಳು. ಆಶ್ರಯಧಾಮದವರು ಒಂದು ಹೆಸರು ಹುಡುಕಿದಾಗ ಸರ್ವರ್‌ಗೆ ಒಂದು ಗೂಢ ಚೀಟಿ ಬರುತ್ತದೆ; ಹೆಸರು ಓದದೆಯೇ ಸರ್ವರ್ ಅದನ್ನು ದಾಖಲೆಗಳಿಗೆ ತಾಳೆ ಹಾಕಿ ನೋಡುತ್ತದೆ. ಮೂರು ತಿಂಗಳ ಹಿಂದಿನ ಅಂಥ ಒಂದು ಚೀಟಿಯನ್ನು ಅವನು ಜೋಪಾನವಾಗಿಟ್ಟು, ಸೇರಿದ ಪ್ರತಿ ಹೊಸ ದಾಖಲೆಗೂ ತಾಳೆ ಹಾಕುತ್ತಿದ್ದ. ಇವತ್ತು 9.04ಕ್ಕೆ ತಾಳೆಯಾಗಿತ್ತು. ಆಶ್ರಯಧಾಮದ ಯಾವ ಶಾಖೆಯಿಂದ ಬಂದ ದಾಖಲೆ ಎಂಬುದಂತೂ ಬಯಲಾಗೇ ಇತ್ತು.

"ಓದಕ್ಕಾಗದಿದ್ರೆ ಅದು ತಂಗಿಯದೇ ಚೀಟಿ ಅಂತ ಅವನಿಗೆ ಹೆಂಗೆ ಗೊತ್ತಾಯ್ತು?"

ಹೀಗೆ ಕೇಳಿದ ಇನ್ಸ್‌ಪೆಕ್ಟರ್ ಚೀಟಿಯ ದಿನ, ವೇಳೆ ಬರೆದುಕೊಂಡು ಮೇಲ್ವಿಚಾರಕಿಗೆ ಫೋನ್ ಮಾಡಿದರು. ಆಕೆ ಡೈರಿ ತಿರುವಿ ಹೇಳಿದರು: "ಆವತ್ತು ಒಬ್ಬ ಫೋನ್‌ನಲ್ಲಿ ಇವಳದೇ ಹೆಸರು ಹೇಳಿ, ಇದ್ದಾಳಾ ಅಂದ. ಮಾಹಿತಿ ಕೊಡಲ್ಲ ಅಂತ ಇಟ್ಟುಬಿಟ್ಟೆ."

"ಆಮೇಲೆ ಹುಡುಕಿದ್ರಾ?"

"ಅಭ್ಯಾಸ ಸರ್. ಸುಮ್ಮನೆ ನೋಡಿದೆ."

ಫೋನ್ ಮಾಡಿದವನು ಅಣ್ಣನೇ; ಆ ಹುಡುಕಾಟದ ಚೀಟಿ ಬರಲೆಂದೇ ಅವನು ಸರ್ವರ್ ಮುಂದೆ ಕಾದು ಕೂತಿದ್ದ.

"ಹೊಸ ದಾಖಲೆಗೆ ಹಳೇ ಚೀಟಿ ತಾಳೆಯಾಗದ ಹಾಗೆ ಮಾಡಬಹುದಿತ್ತು," ಎಂಜಿನಿಯರ್ ಗೊಣಗಿದಳು.

"ಯಾಕೆ ಮಾಡಲಿಲ್ಲ?"

"ಯಾರೂ ಕೇಳಲಿಲ್ಲ."

ತಂಗಿಯನ್ನು ಬೇರೆ ಶಾಖೆಗೆ ಸೇರಿಸಬೇಕಿತ್ತು. ಈ ದೋಷ ಸರಿಯಾಗುವವರೆಗೆ ಅವಳ ಹೆಸರನ್ನು ಕ್ಲೌಡ್‌ಗೆ ಏರಿಸಕೂಡದೆಂದು ಇನ್ಸ್‌ಪೆಕ್ಟರ್ ಬರೆದುಕೊಟ್ಟರು.

ಸಂಜೆ 5.10ಕ್ಕೆ ಅವನು ಮನೆಯಲ್ಲೇ ಸಿಕ್ಕ. ಬಾಗಿಲು ತೆರೆದದ್ದೇ ತಡ, ಕಾನ್‌ಸ್ಟೇಬಲ್ ಮೂಗು ಮುಚ್ಚಿಕೊಂಡ. ಒಳಕೋಣೆಯಲ್ಲಿ ಹಾಸಿಗೆ ಹಿಡಿದ ಅಪ್ಪ ತನ್ನ ಹೊಲಸಿನಲ್ಲೇ ಮಲಗಿದ್ದ. ಹೊರಕೋಣೆಯಲ್ಲಿ ಮಗ ಇಸ್ತ್ರಿ ಅಂಗಿ ತೊಟ್ಟು ಟಿವಿ ನೋಡುತ್ತಿದ್ದ.

"ನಾನು ಒಂದಕ್ಷರಾನೂ ಓದಿಲ್ಲ," ಅಂದ.

"ಕೈ ಯಾಕೆ ಮುರಿದೆ?"

"ಬಾ ಅಂದ್ರೆ ಬರಲಿಲ್ಲ. ಅಪ್ಪನ್ನ ಬಿಟ್ಟು ಹೋಗಿ ಮೂರು ತಿಂಗಳಾಯ್ತು. ನೋಡ್ಕೊಳ್ಳೋರು ಯಾರು?"

"ನೀನು?"

ಅವನು ನಿಜಕ್ಕೂ ಅಚ್ಚರಿಪಟ್ಟ. "ನಾನಾ?"

ಅವನಿಗೆ ಕೋಳ ತೊಡಿಸಿ, ಅಪ್ಪನನ್ನು ಆಂಬುಲೆನ್ಸ್‌ನಲ್ಲಿ ಸಾಗಿಸಿದರು. ಠಾಣೆಗೆ ಮರಳಿದ ಇನ್ಸ್‌ಪೆಕ್ಟರ್ ಎರಡು ಸಲ ಕೈ ತೊಳೆದರು. ಅಪರಾಧದ ಕಾರಣ ಎಂಬಲ್ಲಿ ಹೀಗೆ ಬರೆದರು: ಆರೋಪಿಗೆ ತಂದೆಯ ಹಾಸಿಗೆ ಬದಲಿಸಲು ಆಳು ಬೇಕಿತ್ತು.