ಮೂಲೆಯ ಮಂದ ಸದ್ದು

ಟಕ್, ಟಕ್, ಟಕ್... ಥಪ್.

ರಾಜೇಶ್ರೀಯ ಕೈಯಲ್ಲಿದ್ದ ನಾಣ್ಯ ಅಲ್ಲೇ ನಿಂತಿತು. ವಿಮಾನದ ರೆಕ್ಕೆಯೊಳಗೆ ಕೂರುವ ಕಪ್ಪು ಕಾರ್ಬನ್ ತೊಲೆಯನ್ನು ಅವಳು ಇನ್ನೊಮ್ಮೆ ಬಡಿದು ನೋಡಿದಳು. ಉದ್ದಕ್ಕೂ ಗಟ್ಟಿ ಸದ್ದು. ಅಂಚು ಮಡಚುವ ಮೂಲೆಗೆ ಬಂದರೆ ಮಾತ್ರ ಮಂದ, ಒಳಗೆ ಯಾರೋ ಉಸಿರು ಹಿಡಿದು ಕುಳಿತ ಹಾಗೆ.

"ಏನ್ರೀ ಮೇಡಂ, ಹಂಗ ಬಡದ್ರ ಒಳಗಿದ್ದೋರು ಬಾಗಿಲಾ ತೆಗೀತಾರೇನು?"

ಧರ್ಮರಾಜ ಬಂದಿದ್ದ. ಸಣ್ಣ ವಿಮಾನ ಕಟ್ಟುವ ಕಮಲಾಪುರದ ಈ ವರ್ಕ್‌ಶಾಪಿಗೆ ಅಚ್ಚು, ರಬ್ಬರ್ ಪ್ಯಾಡು ಮಾಡಿಕೊಡುವವನು. ಕೈಯಲ್ಲಿ ಎರಡು ಕೆಂಪು ಬಾಳೆಹಣ್ಣು, ಕಣ್ಣಲ್ಲಿ ದಿನದ ತುಂಟತನ. ಬೇರೆ ದಿನವಾಗಿದ್ದರೆ ಅವಳು ಒಂದನ್ನು ಕಸಿದುಕೊಂಡು ಇನ್ನೊಂದರ ಮೇಲೂ ಕಣ್ಣು ಹಾಕುತ್ತಿದ್ದಳು.

"ನಾಳಿ ಮುಂಜಾನಿ ವಿಮಾನದಾಗ ನಾ ಮ್ಯಾಲ ಹೋಗಾಂವ. ಹಿಂದಿನ ಸೀಟು ನಂದು ಅಂತ ಸರ್ ಹೇಳ್ಯಾರ. ಕೆಳಗ ನಿಂತು ಕೈ ಬೀಸ್ತೀರಿಲ್ಲೋ?"

"ಆ ಮಾತು ಆಡಬ್ಯಾಡ್ರಿ," ಎಂದಳು. ದನಿ ಅವಳಿಗೇ ವಿಚಿತ್ರವಾಗಿ ಕೇಳಿಸಿತು.

ಅಚ್ಚಿನಲ್ಲಿ ಕಾರ್ಬನ್ ಬಟ್ಟೆಯ ಪದರು ಹಾಸಿ, ಮೇಲೆ ಅವನ ಪ್ಯಾಡು ಕೂರಿಸಿ, ಪ್ಲಾಸ್ಟಿಕ್ ಚೀಲ ಮುಚ್ಚಿ, ಒಳಗಿನ ಗಾಳಿ ಎಳೆದು ಕಾಯಿಸುವುದು ರಾಜೇಶ್ರೀಯ ಕೆಲಸ. ಹೊರಗಿನ ಗಾಳಿಯ ಭಾರವೆಲ್ಲ ಪ್ಯಾಡಿನ ಮೇಲೆ ಬಿದ್ದು ಪದರುಗಳು ಒಂದಾಗಬೇಕು. ಕಷ್ಟವೆಲ್ಲ ಮೂಲೆಯದೇ. ಪ್ಯಾಡಿನ ಚೂಪು ಅಂಚು ಅಲ್ಲಿ ಹೊಕ್ಕು ಒತ್ತದಿದ್ದರೆ ಬಟ್ಟೆ ಕೆಳಗೆ ಕೂರುವುದಿಲ್ಲ, ಪದರುಗಳ ನಡುವೆ ಟೊಳ್ಳು ಉಳಿಯುತ್ತದೆ. ಮೇಲಿನಿಂದ ನೋಡಿದರೆ ನುಣ್ಣಗೆ ಹೊಳೆಯುತ್ತಿರುತ್ತದೆ.

ಇದು ಮುಂದಿನ ವಿಮಾನದ್ದು. ಇದಕ್ಕೆ ಮೊದಲಿನ ತೊಲೆ, ಇದೇ ಪ್ಯಾಡಿನಡಿ ಆದದ್ದು, ನಾಳೆ ಹಾರುವ ವಿಮಾನದ ಬಲರೆಕ್ಕೆಯೊಳಗೆ ಆಗಲೇ ಸೇರಿಹೋಗಿತ್ತು. ಅದನ್ನು ಬಡಿದು ನೋಡಿದವಳೂ ಇವಳೇ. ಆದರೆ ನಾಣ್ಯ ಮೂಲೆಯವರೆಗೆ ಹೋಗಿರಲಿಲ್ಲ. ಧರ್ಮರಾಜನ ಪ್ಯಾಡು ಎಂದೂ ಕೈಕೊಟ್ಟಿರಲಿಲ್ಲವಲ್ಲ.

ಅವಳು ಪ್ಯಾಡನ್ನು ಎತ್ತಿಕೊಂಡು ಅಂಚಿನ ಮೇಲೆ ಬೆರಳಾಡಿಸಿದಳು. ಮೊದಲೆಲ್ಲ ಕೊಯ್ಯುತ್ತಿದ್ದ ಅಂಚು ಈಗ ಮೆತ್ತಗೆ ದುಂಡಗಾಗಿತ್ತು.

"ಇದನ್ನ ಯಾರು ಹೆರದಾರ?"

ಅವನ ನಗು ಇಳಿಯಿತು. ಹಣ್ಣುಗಳನ್ನು ಮೇಜಿನ ಮೇಲಿಟ್ಟ.

"ನಾನಾ."

"ಯಾಕ?"

"ಕಾಯಿಸಿದ ಮ್ಯಾಲ ಮೂಲ್ಯಾಗ ಕಚ್ಚಿ ಕುಂದರ್ತದ. ಎಳಿಯೋವಾಗ ಗ್ಲೌಸ್ ಹರದು ನಿಮ್ಮ ಬೆರಳು ಕೊಯ್ತಿತ್ತು. ರಕ್ತ ನೋಡಿ ನನಗ ತಡೀಲಿಲ್ಲ. ಎಡರೆಕ್ಕಿ ತೊಲಿ ಆದ ಮ್ಯಾಲ ಜರಾ ಹೆರದೆ. ಅಷ್ಟರಾಗ ಏನಾಗ್ತದ ಅಂದ್ಕೊಂಡೆ."

ಇಂಥದೊಂದು ಮಾತಿಗಾಗಿ ಅವಳು ಎಷ್ಟು ಕಾದಿದ್ದಳು! ಬಂದದ್ದು ಈ ರೂಪದಲ್ಲಿ. ಎದೆ ತುಂಬಿಬಂತು, ಅದರ ಬೆನ್ನಿಗೇ ಭಯ. ಎರಡೂ ಸೇರಿ ಅವಳಿಗೆ ಸಿಟ್ಟೇ ಬಂದುಬಿಟ್ಟಿತು.

"ಹುಚ್ಚ ಇದ್ದೀ ಏನು ನೀ? ನಾಳಿ ಆ ರೆಕ್ಕಿ ಮುರದ್ರ ನಾ ಯಾರ ಮಾರಿ ನೋಡಬೇಕು?"

ಮೊದಲ ಸಲ 'ನೀ' ಅಂದಿದ್ದಳು. ಇಬ್ಬರಿಗೂ ಅದು ಕೇಳಿಸಿತು, ಯಾರೂ ನಗಲಿಲ್ಲ. ಕಿಟಕಿಯಾಚೆ ತೊಗರಿ ಹೊಲದ ಮೇಲೆ ಹದ್ದೊಂದು ರೆಕ್ಕೆ ಆಡಿಸದೆ ಸುತ್ತುತ್ತಿತ್ತು. ಅವಳು ಮುಖ ತಿರುಗಿಸಿಕೊಂಡಳು.

ಅವಳು ಮಾಡಿದ ಫೋನನ್ನು ಮಾಲೀಕ ವಿವೇಕಾನಂದ ಸರ್ ಎತ್ತಲಿಲ್ಲ.

"ಗೊತ್ತಾದ್ರ ನಿನ್ನ ನೌಕರಿ ಹೋಗ್ತದ. ಮೂಲಿ ನಾ ನೋಡಿಲ್ಲ, ತಪ್ಪೆಲ್ಲಾ ನಂದೇ ಅಂತ ಹೇಳ್ತೀನಿ," ಎಂದಳು.

"ಅದು ಇನ್ನೊಂದು ಟೊಳ್ಳು ಮುಚ್ಚಿದಂಗ ಆಗ್ತದ," ಎಂದ ಅವನು ಬೈಕಿನ ಕೀಲಿ ಎತ್ತಿಕೊಂಡು. "ನಡಿ."

ಸರ್ ಮನೆಯಿದ್ದ ಕಲಬುರಗಿಯತ್ತ ಬೈಕು ಓಡಿತು. ಮೋಡ ಕವಿದು ಮಧ್ಯಾಹ್ನವೇ ಕಪ್ಪಾಗಿತ್ತು. ಅವಳ ಕೈ ಅವನ ಹೆಗಲನ್ನು ಬಿಗಿಯಾಗಿ ಹಿಡಿದಿತ್ತು, ಸಡಿಲ ಬಿಟ್ಟರೆ ಅವನು ಎಲ್ಲೋ ಹೋಗಿಬಿಡುತ್ತಾನೆ ಅನ್ನಿಸುತ್ತಿತ್ತು.

ಖೂಬಾ ಪ್ಲಾಟ್ ಬಡಾವಣೆಯ ಮನೆಯಲ್ಲಿ ಇಬ್ಬರೂ ಹೇಳಿದ್ದನ್ನು ಕೇಳಿ ಸರ್ ಅರ್ಧ ಚಹಾ ಬಿಟ್ಟು ಎದ್ದರು. ಸಂಜೆಯೊಳಗೆ ಹ್ಯಾಂಗರಿನಲ್ಲಿ ವಿಮಾನದ ಬಲರೆಕ್ಕೆಯ ಹೊದಿಕೆ ಬಿಚ್ಚಿಸಿ, ತೊಲೆಯ ಮೂಲೆ ಕೊಯ್ಯಿಸಿದರು. ಪದರುಗಳ ನಡುವೆ ರಾಜೇಶ್ರೀಯ ಉಗುರು ಸಲೀಸಾಗಿ ಒಳಗೆ ಹೋಯಿತು.

"ಇದರಾಗ ಕೂಡಾಂವ ನೀನೇ ಇದ್ದಿ," ಎಂದರು ಸರ್ ಧರ್ಮರಾಜನಿಗೆ, ಮೆಲ್ಲಗೆ. "ಬಂದು ಹೇಳಿದಿ, ಛಲೋ ಆತು. ಖರೆ ಇನ್ನ ನನ್ನ ಟೂಲ್ ಮುಟ್ಟಬ್ಯಾಡ. ಮನಿಗಿ ಹೋಗು."

ಅವನು ಹೋದ. ರಾಜೇಶ್ರೀಗೆ ಬೈಗುಳ ಸಿಕ್ಕಿತು, ಕೆಲಸ ಉಳಿಯಿತು. ಹೊಸ ಪ್ಯಾಡು ಎರೆಯುವ ಕೆಲಸವೂ ಅವಳ ತಲೆಗೇ ಬಂತು.

ಹೊಸ ತೊಲೆ ಕೂರಿಸಿದ ವಿಮಾನ ಕೊನೆಗೂ ಏರಿದ ದಿನ ಧರ್ಮರಾಜ ರನ್‌ವೇ ಬೇಲಿಯ ಹೊರಗೆ ನಿಂತಿದ್ದ. ಈಗ ಅವನು ಕಲಬುರಗಿ ಕೋಟೆ ಹತ್ತಿರದ ಲೇಥ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ರಾಜೇಶ್ರೀ ಬಂದು ಪಕ್ಕದಲ್ಲಿ ನಿಂತಳು. ವಿಮಾನದಲ್ಲಿ ಪೈಲಟ್ ಒಬ್ಬರೇ, ಹಿಂದಿನ ಸೀಟು ಖಾಲಿ. ಮೋಡದೊಳಗೆ ಸದ್ದು ಸಣ್ಣದಾಯಿತು, ಆಮೇಲೆ ಇಲ್ಲವೇ ಆಯಿತು. ಅವನು ಬೇಲಿಯ ತಂತಿ ಹಿಡಿದುಕೊಂಡ. ಅವಳಿಗೆ ಆ ಮಂದ ಸದ್ದೇ ಕಿವಿಯಲ್ಲಿ ಬಡಿಯುತ್ತಿತ್ತು.

ಬಹಳ ಹೊತ್ತಾದ ಮೇಲೆ ಗುಂಯ್ ಎನ್ನುವ ದನಿ ಮರಳಿ ಬಂತು. ಚಕ್ರ ನೆಲ ಮುಟ್ಟಿತು.

ಅವಳು ಕೈ ಮುಂದೆ ಚಾಚಿದಳು. ಎರಡು ಬೆರಳ ತುದಿಯಲ್ಲಿ ಹಸಿ ಗಾಯ.

"ಹೊಸಾ ಪ್ಯಾಡಿನ ಅಂಚು ಚೂಪ ಅದ. ನಾನಾ ಮಾಡೀನಿ."

ಅವನ ಕಣ್ಣು ತುಂಬಿಬಂತು. ಮುಟ್ಟಲೋ ಬೇಡವೋ ಎಂಬಂತೆ ಬೆರಳು ಹಿಡಿದುಕೊಂಡ. "ಭಾಳ ಉರೀತದೇನು?"

"ಉರೀತದ. ದಿನಾ ಸಂಜಿಕಿ ಬಂದು ಪಟ್ಟಿ ಕಟ್ಟು."

"ಎಷ್ಟು ದಿನ?"

"ಈ ಬೆರಳು ಇರೋತನ," ಎಂದಳು ರಾಜೇಶ್ರೀ. "ಪ್ಯಾಡಿನ ತಂಟಿಗಿ ಮಾತ್ರ ಹೋಗಬ್ಯಾಡ."