ಇದು ಯಾರ ಮುಖ?

"ಇದು ಯಾರ ಮುಖ ರೀ?"

ಪೂರ್ವಿ ಫೋಟೋವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಫೋಟೋಗ್ರಾಫರ್ ಮನೋಜನ ಚಹಾ ಚೆಲ್ಲಿತು. ಬೇಗಂಪೇಟೆಯ ಆ ಪುಟ್ಟ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆ ಕಾಯುತ್ತಿದ್ದ ಅಜ್ಜ ಒಬ್ಬರು ಬೆಚ್ಚಿ ಎದ್ದು ನಿಂತರು.

"ನಿಮ್ಮದರೀ..."

"ನಂದಾ? ಹಂಗಾದ್ರ ನನ್ನ ಮಚ್ಚಿ ಎಲ್ಲೈತಿ, ತೋರಿಸ್ರಿ!"

ಎಡಗೆನ್ನೆಯಿಂದ ಗದ್ದದವರೆಗೆ ಹರಡಿದ್ದ ಕಂದು ಹುಟ್ಟುಮಚ್ಚೆ ಫೋಟೋದಲ್ಲಿ ಮಂಗಮಾಯ! ಮೂಲೆಯಲ್ಲಿ ಸ್ಟುಡಿಯೋದ ಹೆಸರು ಮಾತ್ರ ಜಂಬದಿಂದ ಕೂತಿತ್ತು.

ಸಿಟ್ಟು ಬಾರದೆ ಇರುತ್ತದೆಯೇ? ಇಪ್ಪತ್ತೇಳು ವರ್ಷ ಕ್ಯಾಮೆರಾ ಕಂಡರೆ ಸಾಕು, ಕೈಯಿಂದ ಕೆನ್ನೆ ಮುಚ್ಚಿಕೊಳ್ಳುತ್ತಿದ್ದ ಹುಡುಗಿ ಅವಳು. ಹತ್ತು ದಿನದ ಹಿಂದೆ, ವರನ ಕಡೆಯವರಿಗೆ ಕಳಿಸಲು ಫೋಟೋ ಬೇಕೆಂದು ಅವ್ವ ಶಿವದೇವಿ ಇಲ್ಲಿಗೆ ಎಳೆದು ತಂದಿದ್ದಳು. ಮನೋಜ ಅವ್ವನನ್ನು ಉಪಾಯವಾಗಿ ಹೊರಗೆ ಕೂರಿಸಿ, ಕ್ಯಾಮೆರಾವನ್ನು ಪೂರ್ವಿಯ ಕೈಗೇ ಕೊಟ್ಟುಬಿಟ್ಟಿದ್ದ.

"ಮೊದಲ ನೀವು ನಂದು ತೆಗೀರಿ. ನನಗೂ ಭಾಳ ನಾಚಿಕಿ."

ಸ್ಟೂಲಿನ ಮೇಲೆ ಸೆಟೆದು ಕೂತ ಅವನನ್ನು ನೋಡಿ ಅವಳು ಬಿದ್ದು ಬಿದ್ದು ನಕ್ಕಿದ್ದಳು. ಆ ನಗು ಆರುವ ಮೊದಲೇ ಜಾಗ ಬದಲಾಗಿತ್ತು, ಅವಳ ಫೋಟೋ ಆಗಿಹೋಗಿತ್ತು. ಕೈ ಕೆನ್ನೆಗೆ ಹೋಗಿರಲೇ ಇಲ್ಲ!

"ಮಚ್ಚಿ ಮುಟ್ಟೂದಿಲ್ಲರಿ. ಅದು ನಿಮ್ಮದು," ಎಂದೂ ಹೇಳಿದ್ದ. ಅಂದಿನಿಂದ ಗಚ್ಚಿಬೌಲಿಯ ಆಫೀಸಿನಲ್ಲಿ ಕೂತು ಒಬ್ಬಳೇ ನಗುವುದು ಅವಳಿಗೆ ರೂಢಿಯಾಗಿತ್ತು.

"ನಿನ್ನೆ ವರನ ತಾಯಿ ಮನೀಗೆ ಬಂದು, ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ್ಲು. 'ಫೋಟೋದಾಗ ಇದು ಇರಲಿಲ್ಲಲ್ಲ, ಮೋಸ ಮಾಡೀರಿ' ಅಂದ್ಲು. ಸಂತ್ಯಾಗ ದನ ನೋಡಿದಂಗ! ಆಕಿ ಮಾತು ಬಿಡ್ರಿ... ನೀವೂ ಹಂಗ ನೋಡಿದ್ರಲ್ಲ!"

ಮನೋಜ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ. ಅವನು ತೆಗೆದ ಫೋಟೋದಲ್ಲಿ ಮಚ್ಚೆಯೂ ಇತ್ತು, ನಗುವೂ ಇತ್ತು.

"ಇದನ್ನ ನಿಮ್ಮ ಅವ್ವಾರ ನಂಬರಿಗೆ ಕಳಿಸೀನಿ. ಆಮ್ಯಾಲೆ ಯಾರೋ ಕೈ ಆಡಿಸ್ಯಾರ." ಈಗ ಅವನ ದನಿಯೂ ಏರಿತ್ತು. "ಎಷ್ಟು ಛಲೋ ಬಂದಿತ್ರಿ ಇದು! ಹಾಳು ಮಾಡ್ಯಾರ!"

ಪೂರ್ವಿ ನಿಂತಲ್ಲೇ ಮಲ್ಕಾಜ್‌ಗಿರಿಯ ಮನೆಗೆ ಫೋನ್ ಮಾಡಿದಳು.

"ಅವ್ವಾ, ನನ್ನ ಮಚ್ಚಿ ಯಾರು ಅಳಿಸಿದ್ರು?"

ಆ ಕಡೆ ಶಿವದೇವಿ ದನಿ ತಗ್ಗಿಸಿದಳು.

"ನಾನ ಹೇಳಿದ್ದೆ... ಝೆರಾಕ್ಸ್ ಅಂಗಡ್ಯಾಗ ಅಳಿಸಿ ಪ್ರಿಂಟ್ ಕೊಟ್ರು. ನಿನ್ನ ಒಳ್ಳೇದಕ್ಕ, ಮಗಳ..."

"ನನ್ನ ಮುಖ ಅಳಿಸಿ ನನಗ ಎಂಥಾ ಒಳ್ಳೇದು, ಅವ್ವಾ? ಇನ್ನ ಮ್ಯಾಲೆ ಯಾರಿಗೂ ಫೋಟೋ ಕಳಿಸಬ್ಯಾಡ!"

ಫೋನ್ ಇಟ್ಟವಳಿಗೆ ತಲೆ ಎತ್ತಲಾಗಲಿಲ್ಲ. ಛೇ, ಏನೂ ಮಾಡದವನಿಗೆ ಇಷ್ಟು ಬೈದೆನಲ್ಲ!

"ತಪ್ಪಾತ್ರಿ..."

"ಸಿಟ್ಟು ಇಳೀತೇನ್ರಿ?"

"ಇಲ್ಲ! ನಿಮ್ಮ ಮ್ಯಾಲೆ ಇನ್ನೂ ಐತಿ."

"ಮತ್ಯಾಕ್ರಿ?"

"ಹತ್ತು ದಿನ ಆತು... ಒಂದು ಫೋನ್ ಮಾಡಾಕ ಏನಾಗಿತ್ತು?"

ಮನೋಜನ ಕಿವಿ ಕೆಂಪಾದವು. "ವರನಿಗೆ ಕಳಿಸಾಕ ಫೋಟೋ ತೆಗಿಸಿದಾಕಿಗೆ, ನೀವು ನನ್ನ ಮನಸ್ಸಿಗೆ ಬಂದೀರಿ ಅಂತ ಹೆಂಗ್ರಿ ಹೇಳೂದು?"

"ಈಗ ಹೇಳಿದ್ರಲ್ಲ!"

ಅವನು ಅವಳ ಮುಖವನ್ನು ನೇರವಾಗಿ ನೋಡಿದ. ಅವಳು ಮುಖ ತಿರುಗಿಸಲಿಲ್ಲ.

"ಐತವಾರ ಮನೀಗೆ ಬರ್ರಿ. ಇದನ್ನ ಅವ್ವನ ಮುಂದ ಹೇಳ್ರಿ."

"ಅವರು ಬೈದ್ರ?"

"ಬೈಸ್ಕೋರಿ," ಪೂರ್ವಿ ಕಣ್ಣೊರೆಸಿಕೊಂಡು ನಕ್ಕಳು. "ಬಾಜೂಕ ನಾ ಕೂತಿರ್ತೀನಿ."