ಹೆಳವರು ಹೇಳದ ಕವಲು

“ಆ ಕವಲನ್ನ ನಾವು ಹೇಳಲ್ಲ ತಾಯಿ,” ಎಂದ ಸಿದ್ದಯ್ಯ, ಪುಸ್ತಕ ಮುಚ್ಚಿ ಕೆಂಪು ಬಟ್ಟೆಯಲ್ಲಿ ಸುತ್ತುತ್ತ. “ನಮ್ಮಪ್ಪ ಹೇಳ್ಲಿಲ್ಲ, ಅವರಪ್ಪನೂ ಹೇಳ್ಲಿಲ್ಲ. ಹೆಸರಿಲ್ಲದೋನಿಗೆ ಬಾಯಿಲ್ಲ. ಹಂಗೇ ಇರ್ಲಿ ಬಿಡಿ.”

ಮಂಜುಶ್ರೀಗೆ ನಗು ಬಂತು. ಸಿದ್ದಯ್ಯ ಹೆಳವರವನು. ಒಕ್ಕಲು ಮನೆಗಳ ಬಾಗಿಲಿಗೆ ಹೋಗಿ, ಆ ಮನೆಯ ಹತ್ತು ತಲೆಮಾರಿನ ಹೆಸರುಗಳನ್ನು ನಿಂತಲ್ಲೇ ಒಪ್ಪಿಸಿ, ಅಕ್ಕಿ ಬಟ್ಟೆ ಪಡೆದು ಹೋಗುವುದು ಅವನ ಕುಲದ ಕೆಲಸ. ಅವನಜ್ಜ ಎತ್ತಿನ ಮೇಲೆ ಬರುತ್ತಿದ್ದನಂತೆ. ಇವನು ಮೊಪೆಡ್ಡಿನಲ್ಲಿ ಶಿವಮೊಗ್ಗದ ವಿನೋಬನಗರದ ಅವಳ ಆಫೀಸಿಗೆ ಬಂದಿದ್ದ.

“ನಿಮ್ಮಜ್ಜನ ಎತ್ತಿಗಾದ್ರೂ ಗೊತ್ತಿತ್ತೇನೋ, ಪಾಪ ಅದೂ ಸತ್ತಿದೆ,” ಎಂದಳು. “ನೀವು ಹೇಳ್ದಿದ್ರೆ ತಾಲ್ಲೂಕು ಕಚೇರಿ ಹೇಳುತ್ತೆ. ಕಾಗದಕ್ಕೆ ಭಯ ಇರಲ್ಲ ಸಿದ್ದಯ್ಯ.”

ಸಿದ್ದಯ್ಯ ಅವಳ ಮುಖವನ್ನೇ ನೋಡಿದ. “ನಿಮ್ಮ ಮೂಲ ಯಾವೂರು?”

“ಭದ್ರಾವತಿ. ಯಾಕೆ, ನನ್ನ ವಂಶನೂ ಹೇಳ್ತೀರಾ?”

ಅವನು ಎದ್ದ. ತರಿಸಿದ್ದ ಕಾಫಿ ಕುಡಿಯಲಿಲ್ಲ, ಕೊಟ್ಟ ನೋಟು ಮುಟ್ಟಲಿಲ್ಲ. “ನಾನು ಹೇಳೋದೂ ಬೇಡ, ನೀವು ಹುಡುಕೋದೂ ಬೇಡ,” ಎಂದು ಮೆಟ್ಟಿಲಿಳಿದು ಹೋದ. ಮನೆ ಬಾಗಿಲಿಗೆ ಬಂದ ತಿಳಿವಳಿಕೆಯನ್ನು ಹಿತ್ತಲ ಗಿಡವೆಂದು ತಳ್ಳುವುದು ಓದಿದವರ ಹಳೆಯ ಚಾಳಿ. ಇತಿಹಾಸದಲ್ಲಿ ಡಾಕ್ಟರೇಟ್ ಮಾಡಿ, ಕಾಲೇಜಿನ ಕೆಲಸ ಸಿಗದೆ, ದಾಖಲೆ ಹುಡುಕಿ ವಂಶವೃಕ್ಷ ಬರೆದುಕೊಡುವುದನ್ನೇ ಕಸುಬು ಮಾಡಿಕೊಂಡಿದ್ದ ಮಂಜುಶ್ರೀಗೆ ಆ ಚಾಳಿ ಸ್ವಲ್ಪ ಜಾಸ್ತಿಯೇ ಇತ್ತು.

ಆದರೆ ಈ ಸಲದ ಕೆಲಸ ಕಸುಬಿನದಷ್ಟೇ ಆಗಿರಲಿಲ್ಲ. ಎರಡು ತಿಂಗಳ ಹಿಂದೆ ಭದ್ರಾವತಿಯ ರುದ್ರೇಶ್ ಎಂಬ ನಿವೃತ್ತ ಫಿಟ್ಟರ್ ಬಂದಿದ್ದ. ಅವನ ಒಬ್ಬಳೇ ಮಗಳು ರಶ್ಮಿಗೆ ಇಪ್ಪತ್ತಾರು ವರ್ಷ. ಹುಳುಕಿಲ್ಲ, ನೋವಿಲ್ಲ, ಒಂದೊಂದಾಗಿ ಹಲ್ಲು ಉದುರುತ್ತಿದ್ದವು. ಅವರ ಮನೆತನದಲ್ಲಿ ತಲೆಮಾರಿಗೊಬ್ಬರಿಗೆ ಹೀಗಾಗುತ್ತದೆ. ಕೊನೆಯ ಹಲ್ಲು ಬಿದ್ದ ದಿನ ಹೊತ್ತು ಮುಳುಗುವುದರೊಳಗೆ ಜೀವ ಹೋಗುತ್ತದೆ. ರುದ್ರೇಶನ ತಮ್ಮ ಹಾಗೆ ಸತ್ತಿದ್ದ, ಅಜ್ಜನ ಅಣ್ಣ ಹಾಗೆ ಸತ್ತಿದ್ದ. ಡಾಕ್ಟರಿಗೆ ತೋರಿಸಲು ಇಡೀ ವಂಶದ ದಾಖಲೆ ಬೇಕು ಎಂದು ಕೈ ಮುಗಿದಿದ್ದ. ಆ ಮನೆತನದ ಹೆಳವನೆಂದೇ ಸಿದ್ದಯ್ಯನನ್ನು ಅವಳು ಕರೆಸಿದ್ದು.

ಇದು ರಕ್ತದಲ್ಲಿ ಹರಿದು ಬಂದ ಕಾಯಿಲೆ, ಮೂಲ ಸಿಕ್ಕರೆ ಮದ್ದೂ ಸಿಕ್ಕೀತು ಎಂದು ಮಂಜುಶ್ರೀ ನಂಬಿದಳು. ರಶ್ಮಿಯೂ ದಿನಾ ಬಸ್ಸಿನಲ್ಲಿ ಬಂದು ದಾಖಲೆ ಕೋಣೆಯಲ್ಲಿ ಜೊತೆ ಕೂರುತ್ತಿದ್ದಳು. ಗೆದ್ದಲು ತಿಂದ ಕಡತಗಳ ಧೂಳು, ಬಾವಲಿ ಹಿಕ್ಕೆಯ ಘಾಟು, ಅದರ ನಡುವೆ ಅವಳ ದುಪಟ್ಟಾದಿಂದ ಲವಂಗದೆಣ್ಣೆಯ ವಾಸನೆ. ನಗುವಾಗ ಅಂಗೈ ಅಡ್ಡ ಹಿಡಿಯುತ್ತಿದ್ದಳು. “ಅಕ್ಕ, ವಾಸಿಯಾದ್ರೆ ಮೊದ್ಲು ಒಂದು ಸೇರು ಕೋಡುಬಳೆ ತಿಂತೀನಿ ನೋಡಿ,” ಎಂದಿದ್ದಳು ಒಮ್ಮೆ. ಆಗ ಅವಳಿಗೆ ಹನ್ನೊಂದು ಹಲ್ಲು ಉಳಿದಿತ್ತು. ಹೆಳವ ಬಂದು ಹೋದ ವಾರಕ್ಕೆ ಮೂರಾಯಿತು. ಆಮೇಲೆ ಅವಳು ಮಂಚ ಬಿಟ್ಟು ಏಳಲಿಲ್ಲ. ಮಂಜುಶ್ರೀ ಊಟ ನಿದ್ದೆ ಬಿಟ್ಟು ಹುಡುಕಿದಳು. ಆ ಹುಡುಗಿಯನ್ನು ಸಾಯಲು ಬಿಡಬಾರದು, ಅಷ್ಟೇ ಅವಳ ತಲೆಯಲ್ಲಿದ್ದದ್ದು.

ಹೇಳದ ಕವಲು ಒಂದು ಮಧ್ಯಾಹ್ನ ಸಿಕ್ಕಿತು. ಸಾವಿರದ ಒಂಬೈನೂರ ಇಪ್ಪತ್ತನಾಲ್ಕರಲ್ಲಿ ರುದ್ರೇಶನ ಪೂರ್ವಜರ ಊರಾದ ಹುಲಿಗುಡ್ಡೆಹಾಳಿನ ಪಟೇಲ ಅಮಲ್ದಾರರಿಗೆ ಬರೆದ ವರದಿ. ಮೂಲೆ ಮುಟ್ಟಿದರೆ ಪುಡಿಯಾಗುವ ಕಾಗದ.

“ಸದರಿ ಬೂದ್ಯಪ್ಪನು ಮಾಟಗಾರನೆಂದು ಶಂಕಿಸಿ, ಅವನ ಇಬ್ಬರು ತಮ್ಮಂದಿರು ಅವನನ್ನು ಕಣದ ಮೇಟಿಗೆ ಕಟ್ಟಿ, ಮಂತ್ರ ನುಡಿಯದಂತೆ ಮೂವತ್ತೆರಡು ಹಲ್ಲುಗಳನ್ನೂ ಇಕ್ಕಳದಿಂದ ಕಿತ್ತು, ತರುವಾಯ ಕೊಡಲಿಯಿಂದ ಕಡಿದಿರುತ್ತಾರೆ. ಬಸುರಿಯಾದ ಹೆಂಡತಿ ನೀಲಮ್ಮನು ತಲೆತಪ್ಪಿಸಿಕೊಂಡಿರುತ್ತಾಳೆ.”

ಮಾಟಗಾರನ ಹಲ್ಲು ಮುರಿದರೆ ಉಚ್ಚಾರ ಕೆಡುತ್ತದೆ, ಉಚ್ಚಾರ ಕೆಟ್ಟರೆ ಮಂತ್ರ ಸಾಯುತ್ತದೆ ಎಂಬ ಹಳೆಯ ನಂಬಿಕೆ ಅವಳಿಗೆ ಗೊತ್ತಿತ್ತು. ಅದನ್ನು ಹೀಗೆ ಸರ್ಕಾರಿ ಕನ್ನಡದಲ್ಲಿ ಓದಿದ್ದು ಇದೇ ಮೊದಲು. ಕೊಂದ ತಮ್ಮನೊಬ್ಬ ರುದ್ರೇಶನ ಮುತ್ತಜ್ಜ.

ನೀಲಮ್ಮ ಎಲ್ಲಿ ಹೋದಳು? ಆಗ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಎದ್ದಿತ್ತು, ಊರು ಬಿಟ್ಟವರಿಗೆಲ್ಲ ಅಲ್ಲಿ ಕೂಲಿ ಸಿಗುತ್ತಿತ್ತು. ಮಂಜುಶ್ರೀ ಅಲ್ಲಿನ ಹಳೆಯ ಶಾಲೆಯೊಂದರ ದಾಖಲಾತಿ ಪುಸ್ತಕ ತೆಗೆಸಿದಳು. ಒಂದು ಸಾಲಿನಲ್ಲಿ ಬೆರಳು ನಿಂತಿತು. ತಾಯಿ ನೀಲಮ್ಮ, ಕೂಲಿ. ತಂದೆ ದಿವಂಗತ ಬೂದ್ಯಪ್ಪ, ಹುಲಿಗುಡ್ಡೆಹಾಳು. ಹುಡುಗನ ಹೆಸರು ಶೇಖರಪ್ಪ.

ಶೇಖರಪ್ಪ ಅವಳ ಅಜ್ಜ. ಅದೇ ಹುಟ್ಟಿದ ದಿನಾಂಕ, ಎಡಗೆನ್ನೆಯ ಮಚ್ಚೆಯ ಅದೇ ಗುರುತು. ಅವಳು ಶಾಲೆಯ ಬೆಂಚಿನ ಮೇಲೆ ಕೂತು ಗಟ್ಟಿಯಾಗಿ ನಕ್ಕಳು. ಶಿವಮೊಗ್ಗದಲ್ಲಿ ಇಷ್ಟು ಜನ ವಕೀಲರು, ಬರಹಗಾರರು ಇರುವಾಗ ರುದ್ರೇಶ್ ತನ್ನನ್ನೇ ಏಕೆ ಹುಡುಕಿಕೊಂಡು ಬಂದ ಎಂದು ಆಗಲಾದರೂ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಫೋನ್ ಮಾಡಿದಳು.

“ರುದ್ರೇಶ್ ಅವರೇ, ನಾವು ನೆಂಟರು. ಬೂದ್ಯಪ್ಪನ ಕವಲಿನಲ್ಲಿ ಉಳಿದಿರೋದು ನಾನೊಬ್ಬಳೇ.”

“ಖಚಿತವಾ ಮೇಡಂ?”

“ನೂರಕ್ಕೆ ನೂರು. ನಾಲ್ಕು ದಾಖಲೆ ಇದೆ.”

“ಹಂಗಾದ್ರೆ ಬನ್ನಿ. ಈಗ್ಲೇ ಬನ್ನಿ.”

ಬೆಳಗಿನ ಹನ್ನೊಂದು ಗಂಟೆ. ರುದ್ರೇಶನ ಮನೆ ಹಳೆಯ ಕ್ವಾರ್ಟರ್ಸ್ ಸಾಲಿನ ಕೊನೆಯದು. ಪಕ್ಕದ ಮೂರು ಮನೆಗೆ ಬೀಗ, ಗೋಡೆಗಳ ಮೇಲೆ ಅರಳಿ ಸಸಿ. ಒಳಗೆ ಕಾಲಿಟ್ಟೊಡನೆ ಲವಂಗದೆಣ್ಣೆ, ಅದರಡಿ ಕೊಳೆತ ಒಸಡಿನ ವಾಸನೆ. ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿದ್ದರು. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಏನೂ ಕಾಣಲಿಲ್ಲ. ಕಾಣುವಷ್ಟರಲ್ಲಿ ತಲೆಯ ಹಿಂದೆ ಒನಕೆಯ ಪೆಟ್ಟು ಬಿತ್ತು.

ಎಚ್ಚರವಾದಾಗ ಕುರ್ಚಿಗೆ ಕಟ್ಟಿದ್ದರು. ನೈಲಾನ್ ಹಗ್ಗ ಮಣಿಕಟ್ಟು ಕೊಯ್ಯುತ್ತಿತ್ತು. ಎದುರಿನ ಮಂಚದ ಮೇಲೆ ರಶ್ಮಿ, ಜ್ವರದಲ್ಲಿ ಬೆಂದು, ತುಟಿ ಒಳಗೆ ಕುಸಿದು ಮುದುಕಿಯಂತೆ ಕಾಣುತ್ತಿದ್ದಳು. ಪಕ್ಕದಲ್ಲಿ ಅರಿಶಿಣ ಕಲಸಿದ ಹಾಲಿನ ಬಟ್ಟಲು. ರುದ್ರೇಶ್ ತನ್ನ ಕೆಲಸದ ಇಕ್ಕಳವನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದ. ಅವನ ಹೆಂಡತಿ ಪುಷ್ಪಮ್ಮ ಹಿಂದಿನಿಂದ ಬಂದು ಮಂಜುಶ್ರೀಯ ತಲೆಯನ್ನು ಎದೆಗೆ ಒತ್ತಿ ಹಿಡಿದಳು. ಒನಕೆ ಬೀಸಿದ ಕೈ ಅವಳದೇ.

“ಸಿಟ್ಟು ಮಾಡ್ಕೋಬೇಡಮ್ಮ,” ಎಂದಳು ಪುಷ್ಪಮ್ಮ, ಅಳುತ್ತ. “ನನಗಿರೋದು ಒಂದೇ ಮಗು.”

“ಹೆಳವ ಕುಡಿದಾಗ ಒಂದ್ಸಲ ಬಾಯಿಬಿಟ್ಟಿದ್ದ,” ಎಂದ ರುದ್ರೇಶ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಬೂದ್ಯಪ್ಪನ ವಂಶ ಈ ಊರಿನ ಕೂಲಿ ಲೈನಿಗೆ ಬಂತು ಅಂತ. ನಮ್ಮೂರ ಕಡೆಯಿಂದ ಬಂದು ಅಲ್ಲಿ ಉಳಿದಿದ್ದು ಎರಡೇ ಮನೆ, ಒಂದು ನಿಮ್ಮದು. ಅವನ ರಕ್ತದ ಹಲ್ಲು ಇವಳ ಬಾಯಿಗೆ ಬಂದ್ರೆ ಶಾಪ ತೀರುತ್ತೆ ಅಂದ ಒಬ್ಬ ಮಂತ್ರಗಾರ. ಹೋದ ವರ್ಷ ಲೋಹಿತ್ ಅಂತ ಒಬ್ಬ ಹುಡುಗನ್ನ ಹಿಡಿದ್ವಿ. ಅವನಲ್ಲ. ಸುಮ್ನೆ ಸತ್ತ. ಅದಕ್ಕೇ ಈ ಸಲ ಕಾಗದ ಬೇಕು ಅಂದೆ ಮೇಡಂ. ತಪ್ಪು ಜನ ಆಗ್ಬಾರ್ದಲ್ಲ.”

ಮಂಜುಶ್ರೀ ತನ್ನ ಗುಂಡಿಯನ್ನು ತಾನೇ ತೋಡಿ, ಅಳತೆ ಸರಿಯಿದೆ ಎಂದು ಸಹಿಯನ್ನೂ ಹಾಕಿದ್ದಳು. ಕೂಗಲು ಬಾಯಿ ತೆರೆದಳು. ತೆರೆಯಬಾರದಿತ್ತು.

ಕಬ್ಬಿಣದ ರುಚಿ. ಸೀಮೆಎಣ್ಣೆಯ ರುಚಿ. ಮುಂದಿನ ಹಲ್ಲನ್ನು ಇಕ್ಕಳ ಕಚ್ಚಿತು. ತಿರುಚಿತು. ಮೂಳೆ ಬಿರಿಯುವ ಸದ್ದು ಕಿವಿಯಿಂದಲ್ಲ, ತಲೆಬುರುಡೆಯ ಒಳಗಿಂದ ಕೇಳಿತು. ಬಿಸಿ ರಕ್ತ ಗಂಟಲಿಗಿಳಿಯಿತು. ರುದ್ರೇಶ್ ಹಲ್ಲನ್ನು ಅರಿಶಿಣದ ಹಾಲಿನಲ್ಲದ್ದಿ ಮಗಳ ಖಾಲಿ ಒಸಡಿಗೆ ಒತ್ತಿದ.

ಹಲ್ಲು ನಿಂತಿತು. ಒಸಡು ಅದರ ಸುತ್ತ ಮೆಲ್ಲಗೆ ಮುಚ್ಚಿಕೊಂಡಿತು.

“ಬೇಡಪ್ಪ,” ಎಂದು ತೊದಲಿದಳು ರಶ್ಮಿ. “ಅಕ್ಕನ್ನ ಬಿಡು.”

“ಹಿಡೀತು ಕಣೇ,” ಎಂದ ರುದ್ರೇಶ್ ಹೆಂಡತಿಗೆ. ಅವನ ಮುಖ ಬೆಳಗುತ್ತಿತ್ತು. ಎರಡನೆಯದು ಕಿತ್ತ. ಮೂರನೆಯದು ಅರ್ಧಕ್ಕೆ ಮುರಿಯಿತು, ಬೇರನ್ನು ಬಗೆದು ತೆಗೆದ. ನಾಲ್ಕು. ಮಂಜುಶ್ರೀಗೆ ಪ್ರಜ್ಞೆ ಹೋಗಿ ಬಂದು ಆಗುತ್ತಿತ್ತು. ಪ್ರತಿ ಹಲ್ಲಿಗೂ ರಶ್ಮಿಯ ಕೆನ್ನೆ ತುಂಬುತ್ತ ಬಂತು, ಮೈಗೆ ಬಣ್ಣ ಬಂತು. ಐದನೆಯದು ಕೂತೊಡನೆ ಅವಳು ಎದ್ದು ಕೂತಳು.

ಆಮೇಲೆ ಮಾತಾಡಿದಳು. ಧ್ವನಿ ಅವಳದಲ್ಲ. ಗಂಡಸಿನದು, ಒರಟು, ಬಹಳ ಕಾಲ ಮಣ್ಣು ಕಚ್ಚಿಕೊಂಡಿದ್ದ ಗಂಟಲಿನದು.

“ಹಲ್ಲು ಬಂತು,” ಎಂದಿತು ಅದು.

ಅದು ರುದ್ರೇಶನಿಗೆ ಅರ್ಥವಾಯಿತೋ ಇಲ್ಲವೋ. ಮಂಜುಶ್ರೀಗೆ ಆ ನೋವಿನಲ್ಲೂ ಥಟ್ಟನೆ ತಿಳಿಯಿತು. ನುಡಿಯಬಾರದೆಂದು ಹಲ್ಲು ಕಿತ್ತ ಬೂದ್ಯಪ್ಪನ ಬಾಯಿಗೆ ಇವರೇ ಹಲ್ಲು ಕೊಟ್ಟಿದ್ದರು. ನೂರು ವರ್ಷದ ಹಿಂದೆ ಅರ್ಧಕ್ಕೆ ನಿಂತ ಮಂತ್ರ ಈಗ ಮುಂದುವರಿಯುತ್ತಿತ್ತು. ಪದಗಳು ಯಾವ ಭಾಷೆಯವೂ ಅಲ್ಲ. ಗೋಡೆಯ ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಹಾಲು ಬಟ್ಟಲಲ್ಲೇ ಒಡೆದು ನಾರಿತು.

“ಮಗಳೇ,” ಎಂದು ರುದ್ರೇಶ್ ಹತ್ತಿರ ಬಾಗಿದ.

ಅವಳು ಅವನ ಗಂಟಲನ್ನು ಕಚ್ಚಿದಳು. ಬಿಡಲಿಲ್ಲ. ಎಳೆದಳು. ರುದ್ರೇಶನ ಕಾಲುಗಳು ನೆಲವನ್ನು ಒದ್ದವು, ರಕ್ತ ಕಂಬಳಿಯವರೆಗೆ ಚಿಮ್ಮಿತು. ಪುಷ್ಪಮ್ಮ ಚೀರಿದಳು. ರಶ್ಮಿಯ ಬಾಯಿ ಅವಳ ಕಡೆ ತಿರುಗಿ ಒಂದೇ ಪದ ಹೇಳಿತು. ಪುಷ್ಪಮ್ಮನ ಹಲ್ಲೆಲ್ಲ ಒಮ್ಮೆಗೇ ಬುಡ ಬಿಟ್ಟವು. ಗಂಟಲಲ್ಲಿ ಸಿಕ್ಕಿದವು. ಅವಳು ಎರಡೂ ಕೈಯಿಂದ ಕತ್ತು ಬಗೆದುಕೊಳ್ಳುತ್ತ ಗಂಡನ ಮೇಲೆ ಬಿದ್ದಳು. ಸ್ವಲ್ಪ ಹೊತ್ತು ಒದ್ದಾಡಿದಳು. ನಿಂತಿತು.

ಅದು ಮಂಜುಶ್ರೀಯ ಹತ್ತಿರ ಬಂತು. ಹಗ್ಗವನ್ನು ಹಲ್ಲಿನಿಂದಲೇ ಕಡಿಯಿತು. ಅವಳ ತಲೆ ಸವರಿತು, ಹೊಲದಿಂದ ಬಂದ ಅಜ್ಜ ಮೊಮ್ಮಗುವಿನ ತಲೆ ಸವರುವ ಹಾಗೆ.

“ನನ್ನ ಕೂಸು ನೀನು. ಹೆದರಬೇಡ. ಉಳಿದವನ್ನೂ ಕೊಡು. ಊರಲ್ಲಿ ಆ ಇಬ್ಬರ ಕುಲ ನಲವತ್ತು ಮನೆ ಆಗಿದೆ. ತೊಟ್ಟಿಲು ಸಮೇತ ತೀರಿಸ್ತೀನಿ.”

ಆ ನಲವತ್ತು ಮನೆಗಳ ಪ್ರತಿಯೊಂದು ಹೆಸರನ್ನೂ ಮಂಜುಶ್ರೀಯೇ ಬರೆದಿದ್ದಳು. ಹೋದ ತಿಂಗಳು ಹುಟ್ಟಿದ ಮಗುವಿನವರೆಗೆ.

ಬೆರಳು ಅವಳ ತುಟಿಯೊಳಗೆ ಬಂದು ಆರನೆಯ ಹಲ್ಲನ್ನು ಮುಟ್ಟಿತು. ಅಷ್ಟರಲ್ಲಿ ಆ ಮುಖ ಸೆಳವು ಬಂದಂತೆ ಕದಡಿತು. ಕಣ್ಣು ರಶ್ಮಿಯದಾಯಿತು. ಅವಳು ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು.

“ಅಕ್ಕ,” ಎಂದಳು, ತನ್ನದೇ ಸಣ್ಣ ದನಿಯಲ್ಲಿ. “ಕೀಳಿ. ಬೇಗ ಕೀಳಿ.”

ಇಕ್ಕಳ ನೆಲದಲ್ಲಿತ್ತು. ಮಂಜುಶ್ರೀ ಎತ್ತಿಕೊಂಡಳು. ರಶ್ಮಿಯ ಎದೆಯ ಮೇಲೆ ಮೊಣಕಾಲೂರಿದಳು. ಮೊದಲನೆಯದು ಸಲೀಸಾಗಿ ಬಂತು. ಎರಡನೆಯದಕ್ಕೆ ಕಣ್ಣು ಮತ್ತೆ ಅವನದಾಯಿತು. ಬಾಯಿ ಕಚ್ಚಲು ಬಂತು, ಅವಳ ಕಿರುಬೆರಳು ಹೋಯಿತು. ಅವಳು ಬಿಡಲಿಲ್ಲ. ಇಕ್ಕಳ ತಿರುಗಿಸಿ ಹಿಡಿಯಿಂದ ಬಡಿದಳು. ಮತ್ತೆ ಬಡಿದಳು. ಮುತ್ತಜ್ಜನಿಗೆ ಮಾಡಿದ್ದನ್ನೇ ಮುತ್ತಜ್ಜನಿಗೆ ಮತ್ತೆ ಮಾಡಿದಳು. ಮಂತ್ರ ತೊದಲಿತು. ಬರೀ ಉಸಿರಾಯಿತು. ನಿಂತಿತು. ಅವಳು ನಿಲ್ಲಲಿಲ್ಲ. ಯಾವುದು ತನ್ನ ಹಲ್ಲು, ಯಾವುದು ರಶ್ಮಿಯದು ಎಂದು ನೋಡುವ ವ್ಯವಧಾನವಿರಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತಳು.

ನೆಲದ ಮೇಲೆ ಎಂಟು ಹಲ್ಲು ಬಿದ್ದಿದ್ದವು. ಐದು ಅವಳವು. ಮೂರು, ರಶ್ಮಿಯ ಜೀವ ಹಿಡಿದಿದ್ದವು.

ರಶ್ಮಿ ಸಂಜೆಯವರೆಗೆ ಇದ್ದಳು. ಆಂಬುಲೆನ್ಸ್ ಶಿವಮೊಗ್ಗದ ದಾರಿ ಹಿಡಿದಾಗಲೂ ಉಸಿರಿತ್ತು. ಸ್ಟ್ರೆಚರಿನಿಂದ ಕೈ ಚಾಚಿ ಮಂಜುಶ್ರೀಯ ಸೆರಗು ಹಿಡಿದಿದ್ದಳು. ತುಂಗಾ ಸೇತುವೆ ದಾಟುವಾಗ ಹೊತ್ತು ಮುಳುಗಿತು. ಬೆರಳು ಸಡಿಲವಾಯಿತು. ಮಂಜುಶ್ರೀ ಆ ಕೈಯನ್ನು ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಆಸ್ಪತ್ರೆ ಬರುವವರೆಗೆ ಅತ್ತಳು.

ಪೊಲೀಸರು ತಮಗೆ ತಿಳಿದಂತೆ ಕೇಸು ಬರೆದುಕೊಂಡರು: ಮಾಟದ ಹುಚ್ಚು ಹಿಡಿದ ದಂಪತಿ, ನರಳಿ ಕಚ್ಚಿದ ಮಗಳು, ಹೇಗೋ ಬದುಕಿದ ಒಬ್ಬಳು ಸಂಶೋಧಕಿ. ಮೂರನೆಯ ದಿನ ಒಬ್ಬ ಪೇದೆ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಫಾರಂ ತೆಗೆದ. ಹೆಣ ಕೇಳಿಕೊಂಡು ಹುಲಿಗುಡ್ಡೆಹಾಳಿನಿಂದ ಯಾರೂ ಬಂದಿರಲಿಲ್ಲ. ಹಲ್ಲುದುರಿದ ಹೆಣವನ್ನು ಮುಟ್ಟಲು ಆ ಕುಲದವರಿಗೆ ಭಯ.

“ಯಾರಾದ್ರೂ ರಕ್ತಸಂಬಂಧಿ ಸಹಿ ಹಾಕಿದ್ರೆ ಬಾಡಿ ಕೊಡ್ತೀವಿ. ಇಲ್ಲಾಂದ್ರೆ ಅನಾಥ ಅಂತ ಮಾಡಿ ಮುಗಿಸ್ತೀವಿ. ಸತ್ತ ಹುಡುಗಿಗೆ ನೀವು ಏನಾಗ್ಬೇಕು ಮೇಡಂ?”

ಎರಡು ತಿಂಗಳು ಹಗಲಿರುಳು ಹುಡುಕಿ ಅವಳು ಸಾಬೀತು ಮಾಡಿದ್ದು ಅದನ್ನೇ. ನಾಲ್ಕು ದಾಖಲೆಗಳಿದ್ದವು. ಒಂದೇ ಮನೆ, ಒಂದೇ ಅಂಗಳ, ಅಣ್ಣನ ಮರಿಮಗಳು, ತಮ್ಮನ ಮರಿಮಗನ ಮಗಳು. ಹೇಳಿದರೆ ಬೂದ್ಯಪ್ಪನ ಹೆಸರು ಮತ್ತೆ ಕಾಗದಕ್ಕೆ ಬರಬೇಕಿತ್ತು. ಹೆಸರಿಲ್ಲದವನಿಗೆ ಬಾಯಿಲ್ಲ ಎಂದಿದ್ದ ಸಿದ್ದಯ್ಯ.

ಮಂಜುಶ್ರೀ ಹೊಲಿಗೆ ಹಾಕಿದ ತುಟಿ ತೆರೆಯಲಿಲ್ಲ. ತಲೆಯಲ್ಲಾಡಿಸಿದಳು.

“ಏನೂ ಆಗ್ಬೇಕಿಲ್ವಾ?”

ಇಲ್ಲ ಎಂದು ಇನ್ನೊಮ್ಮೆ ತಲೆಯಲ್ಲಾಡಿಸಿದಳು. ಪೇದೆ ಆ ಖಾನೆಯಲ್ಲಿ ಅಡ್ಡಗೆರೆ ಎಳೆದು, ಮುಂದಿನ ಪ್ರಶ್ನೆಗೆ ಹೋದ.